ಮುಂದಿನ ಹೆಗಲು

ನಮ್ಮೂರ ಅಮ್ಮನನ್ನು ಹೊರುವುದಕ್ಕೆ ಇಬ್ಬರು ಬೇಕು. ಎರಡು ಉದ್ದನೆಯ ಕೋಲುಗಳ ನಡುವೆ ಒಂದು ಪೀಠ, ಪೀಠದ ಮೇಲೆ ಬೆಳ್ಳಿಯ ಮುಖ, ಅದಕ್ಕೆ ಉಡಿಸಿದ ಸೀರೆ, ಮೇಲೆ ಹೂವು. ಮುಂದೆ ಒಬ್ಬ, ಹಿಂದೆ ಒಬ್ಬ. ಕೋಲು ಹೆಗಲಿಗೇರಿ ತಮಟೆ ಶುರುವಾದ ಮೇಲೆ ಜನ ಒಬ್ಬೊಬ್ಬರಾಗಿ ಎದುರಿಗೆ ಬಂದು ಕೇಳುತ್ತಾರೆ. ಬೋರ್‌ವೆಲ್ ಎಲ್ಲಿ ಕೊರೆಸಲಿ, ಆ ಮನೆಗೆ ಹೆಣ್ಣು ಕೊಡಲೋ ಬೇಡವೋ, ತಪ್ಪಿಸಿಕೊಂಡ ಕುರಿ ಸಿಗುತ್ತದೋ ಇಲ್ಲವೋ. ಅಮ್ಮ ಮುಂದಕ್ಕೆ ಬಂದು ಕೇಳಿದವರೆದುರು ಬಾಗಿದರೆ ಆಗಲಿ ಎಂದು ಅರ್ಥ. ಹಿಂದಕ್ಕೆ ಸರಿದರೆ ಬೇಡ ಎಂದು. ಯಗಟಿ, ಪಂಚನಹಳ್ಳಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಬೇರೆಯವರಿಗಾಗಿ ಬರೆದೆ. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಮುಂದಿನ ಹೆಗಲು ನನ್ನದಾಗಿತ್ತು.

ಹೊರುವವರೇ ತಳ್ಳುವುದು, ದೇವರಲ್ಲ ಎಂದು ಕಡೂರಿನ ಹೈಸ್ಕೂಲಿನಲ್ಲಿ ನನ್ನ ಜೊತೆ ಓದಿದವನೊಬ್ಬ ಹಾಸ್ಯ ಮಾಡುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು. ಅವನು ಹೇಳುವಷ್ಟು ಸುಲಭವಲ್ಲ ಅದು. ತುಂಬಿದ ಕೊಡ ತಲೆಯ ಮೇಲಿದ್ದಾಗ ಒಳಗಿನ ನೀರು ತುಳುಕಿ ನಮ್ಮನ್ನೇ ಒಂದು ಕಡೆಗೆ ಎಳೆಯುತ್ತದಲ್ಲ, ಹಾಗಿರುತ್ತದೆ. ಕಾಲು ಹೋಗುತ್ತದೆ, ಯಾಕೆ ಹೋಯಿತು ಎಂದು ನಮಗೆ ಗೊತ್ತಿರುವುದಿಲ್ಲ. ನಾನು ಹೊತ್ತಷ್ಟು ಕಾಲವೂ ಅದು ಅಮ್ಮನೇ ಎಂದು ನಂಬಿದ್ದೆ. ಈಗಲೂ ಪೂರ್ತಿ ಬಿಟ್ಟಿಲ್ಲ. ಆದರೆ ಒಂದು ಶುಕ್ರವಾರ ನನ್ನ ಕಾಲು ನನಗೆ ಗೊತ್ತಿದ್ದೇ ಹೋಯಿತು. ಅದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಮೊದಲು ಇನ್ನೊಂದು ಹೇಳಬೇಕು. ನಾನು ಹೆಂಡತಿಯನ್ನು ಹೊಡೆಯುತ್ತಿದ್ದೆ. ಕುಡಿದಲ್ಲ. ತಪ್ಪನ್ನು ಕುಡಿತದ ಮೇಲೆ ಹಾಕುವ ಅನುಕೂಲವೂ ನನಗಿಲ್ಲ. ಸಾರಿಗೆ ಉಪ್ಪು ಹೆಚ್ಚಾಗಿದ್ದಕ್ಕೆ, ಕುರಿದೊಡ್ಡಿಯ ಬಾಗಿಲು ಸರಿಯಾಗಿ ಹಾಕದಿದ್ದಕ್ಕೆ, ಕೇಳಿದ ಮಾತಿಗೆ ಉತ್ತರ ಕೊಟ್ಟಿದ್ದಕ್ಕೆ, ಕೊಡದಿದ್ದಕ್ಕೆ. ಹೊಡೆದಾದ ಮೇಲೆ ಹೊಲಕ್ಕೆ ಹೋಗಿ ಬರುತ್ತಿದ್ದೆ. ಬರುವಷ್ಟರಲ್ಲಿ ಅವಳು ಮುದ್ದೆ ತಿರುವಿ ಇಟ್ಟಿರುತ್ತಿದ್ದಳು.

ಮಂಗಳವಾರ, ಶುಕ್ರವಾರ ಅಮ್ಮನನ್ನು ಹೊರುವ ದಿನ. ಹೊರುವವನು ತಲೆಗೆ ಸ್ನಾನ ಮಾಡಿ ಉಪವಾಸವಿರಬೇಕು. ಕೆಟ್ಟ ಮಾತಾಡಬಾರದು, ಕೈಯೆತ್ತಬಾರದು. ಆ ನೇಮವನ್ನು ನಾನು ತಪ್ಪಿಸಿದವನಲ್ಲ. ಹಾಗಾಗಿ ವಾರದಲ್ಲಿ ಆ ಎರಡು ದಿನ ನಮ್ಮ ಮನೆಯಲ್ಲಿ ಬೇರೆ ಯಾರೋ ಗಂಡಸು ಇದ್ದಂತೆ ಇರುತ್ತಿತ್ತು. ಅವಳನ್ನು ಕರೆಯುವ ನನ್ನ ದನಿಯೇ ಬೇರೆ. ಅವಳು ಹಾಡು ಗುನುಗುತ್ತ ಅಂಗಳ ಸಾರಿಸುತ್ತಿದ್ದದ್ದು ಆ ದಿನಗಳಲ್ಲಿ ಮಾತ್ರ. ಸಂಜೆ ನಾನು ಬಂದು ಕೂತರೆ ಕೋಲು ಒತ್ತಿ ಕಪ್ಪಾದ ಹೆಗಲಿಗೆ ಹರಳೆಣ್ಣೆ ಹಚ್ಚಿ ತಿಕ್ಕುವಳು. ಒಂದು ಸಲ ಹಾಗೆ ತಿಕ್ಕುತ್ತ, "ಹೆಗಲು ಅಮ್ಮಂದಾಗೈತೆ. ಕೈ ಇನ್ನೂ ಆಗಿಲ್ಲ. ನಿಧಾನಕ್ಕೆ ಕೈಗೂ ಇಳೀತಾಳೆ ಬಿಡಿ" ಎಂದಳು. ನನಗೆ ಹೇಳಿದಳೋ ತನಗೇ ಹೇಳಿಕೊಂಡಳೋ. ಅವಳು ತವರಿಗೆ ಹೋಗದೆ ಉಳಿದದ್ದು ಆ ಎರಡು ದಿನಗಳ ನಂಬಿಕೆಯ ಮೇಲೆ. ಎರಡು ದಿನ ಒಳ್ಳೆಯವನಾಗಿರುವವನು ಏಳು ದಿನ ಯಾಕಾಗಬಾರದು ಎಂದು ಅವಳ ಲೆಕ್ಕ. ಆ ಎರಡು ದಿನ ಇಲ್ಲದಿದ್ದರೆ ಬೇಗ ಹೋಗಿಬಿಡುತ್ತಿದ್ದಳೋ ಏನೋ ಎಂದು ಈಗ ಅನ್ನಿಸುತ್ತದೆ.

ಒಂದು ಬೇಸಿಗೆಯಲ್ಲಿ ನಾನು ನೂಕಿದ್ದಕ್ಕೆ ಅವಳು ಕಲ್ಲುಬಾನಿಯ ಅಂಚಿಗೆ ಬಿದ್ದು ಕತ್ತಿನ ಕೆಳಗಿನ ಮೂಳೆ ಮುರಿಯಿತು. ಅವಳ ಅಣ್ಣ ಅಜ್ಜಂಪುರದಿಂದ ಬಂದ. ಕೆಮ್ಮಣ್ಣುಗುಂಡಿಯ ಗಣಿಯಲ್ಲಿ ಸ್ವಲ್ಪ ಕಾಲವಿದ್ದು, ಒಗ್ಗದೆ ವಾಪಸ್ಸು ಬಂದು ಹಿಟ್ಟಿನ ಗಿರಣಿ ಇಟ್ಟವನು. ಹೆಚ್ಚು ಮಾತಿನವನಲ್ಲ. ನನ್ನ ಮುಖ ನೋಡದೆ ತಂಗಿಯನ್ನು ಎತ್ತಿನಗಾಡಿಗೆ ಹತ್ತಿಸಿಕೊಂಡು ಹೋದ. ಮೂಳೆ ಕೂಡಿದ ಮೇಲೂ ಕಳಿಸಲಿಲ್ಲ. ಅಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಅಡಿಗೆ ಕೆಲಸಕ್ಕೆ ಮಾತಾಡಿದ್ದಾನೆ, ಗಿರಣಿಯ ಪಕ್ಕದ ಕೋಣೆ ಬಿಟ್ಟುಕೊಟ್ಟಿದ್ದಾನೆ ಎಂದು ಸುದ್ದಿ ಬಂತು. ನಾನು ಹಿರಿಯರನ್ನು ಕಳಿಸಿದೆ. ಅವರು ಬರಿಗೈಯಲ್ಲಿ ಬಂದರು. ನನಗೆ ಅವಳು ಬೇಕಾಗಿದ್ದಳು. ಪ್ರೀತಿ ಎಂದು ಆಗ ಹೇಳಿಕೊಳ್ಳುತ್ತಿದ್ದೆ. ಅಮ್ಮನನ್ನು ಹೊರುವವನ ಹೆಂಡತಿ ಬಿಟ್ಟುಹೋದಳು ಎಂದು ಅರಳಿಕಟ್ಟೆಯಲ್ಲಿ ಜನ ಆಡಿಕೊಳ್ಳುವುದನ್ನು ನನಗೆ ತಡೆಯಲಾಗುತ್ತಿರಲಿಲ್ಲ, ಅಷ್ಟೇ.

ಆಮೇಲೆ ಅವಳೇ ಬಂದಳು, ಕೇಳುವುದಕ್ಕೆ.

ಶುಕ್ರವಾರ, ಮಧ್ಯಾಹ್ನ ಇಳಿದಿತ್ತು. ನಾವು ಅದಾಗಲೇ ನಾಲ್ಕಾರು ಜನರ ಪ್ರಶ್ನೆ ಮುಗಿಸಿದ್ದೆವು. ಹಿಂದಿನ ಹೆಗಲು ನಮ್ಮ ದೊಡ್ಡಪ್ಪನ ಮಗನದು, ನನಗಿಂತ ಹತ್ತು ವರ್ಷ ಹಿರಿಯ. ಜನರ ನಡುವಿನಿಂದ ಅವಳು ಎದುರಿಗೆ ಬಂದಾಗ ಜೊತೆಗೆ ಅಣ್ಣನೂ ಇದ್ದ. ತಮಟೆಯವನು ಬಾರಿಸುವುದು ನಿಲ್ಲಿಸಿದ್ದರಿಂದ ಅವರಿಬ್ಬರ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಹೊತ್ತಿರೋನು ಅವ್ನೇ ಕಣವ್ವ. ಕಳ್ಳನ್ನೇ ನ್ಯಾಯ ಕೇಳ್ದಂಗಾಗುತ್ತೆ. ನಡಿ, ಬಸ್ಸೈತೆ."

"ಹೊತ್ತಾಗ ಅವ್ರು ಅವ್ರಲ್ಲ ಕಣಣ್ಣ. ನಾನು ಅವ್ರನ್ನ ಕೇಳ್ತಿಲ್ಲ, ಅಮ್ಮನ್ನ ಕೇಳ್ತಿದ್ದೀನಿ. ಬೇಡ ಅಂದ್ರೆ ನಿನ್ನ ಮನೇಲೇ ಇರ್ತೀನಿ, ಸಾಯೋ ತಂಕ. ಆಯ್ತಾ?"

"ಹೋಗು ಅಂದ್ರೆ?"

"ಹೋಗು ಅಂದ್ರೆ ಏನೋ ಕಂಡೇ ಅಂದಿರ್ತಾಳೆ."

ಮತ್ತೆ ತಮಟೆ. ಅವಳು ಕೈಮುಗಿದಳು. ಎಡಗೈ ಇನ್ನೂ ಪೂರ್ತಿ ಮೇಲೇಳುತ್ತಿರಲಿಲ್ಲ. "ತಾಯೇ, ನಾನು ಅವ್ರ ಮನೆಗೆ ವಾಪಸ್ ಹೋಗ್ಲಾ? ಹೋಗು ಅನ್ನೋದಾದ್ರೆ ಮುಂದಕ್ಕೆ ಬಾ." ನನ್ನಿಂದ ಒಂದು ಮಾರು ದೂರದಲ್ಲಿ ನಿಂತಿದ್ದಳು. ನನ್ನನ್ನು ನೋಡಲಿಲ್ಲ. ನನ್ನ ತಲೆಯ ಮೇಲಿಂದ ಬೆಳ್ಳಿಯ ಮುಖವನ್ನು ನೋಡುತ್ತಿದ್ದಳು. ಮದುವೆಯಾದಂದಿನಿಂದ ಯಾರನ್ನೂ ಅಷ್ಟು ಭರವಸೆಯಿಂದ ಅವಳು ನೋಡಿದ್ದನ್ನು ನಾನು ಕಂಡಿರಲಿಲ್ಲ.

ಭಾರ ಹಿಂದಕ್ಕೆ ಎಳೆಯಿತು. ನನ್ನ ಹಿಮ್ಮಡಿ ಮಣ್ಣಿನಲ್ಲಿ ಜಾರಿದ್ದು ಇವತ್ತಿಗೂ ನೆನಪಿದೆ. ಇನ್ನೊಂದು ಹೆಜ್ಜೆ ಹಿಂದೆ ಹೋಗಿದ್ದರೆ ಮುಗಿಯುತ್ತಿತ್ತು, ಅವಳು ಬಸ್ಸು ಹತ್ತುತ್ತಿದ್ದಳು. ನಾನು ಕಾಲಬೆರಳುಗಳನ್ನು ನೆಲಕ್ಕೆ ಊರಿ, ಕೋಲನ್ನು ಬಿಗಿಯಾಗಿ ಹಿಡಿದು, ಕೆಸರಿನಲ್ಲಿ ಹೂತ ಗಾಡಿ ಎಳೆಯುವ ಎತ್ತಿನಂತೆ ಮುಂದಕ್ಕೆ ಬಂದೆ. ಬಂದು ಬಾಗಿದೆ. ಅವಳ ಮುಖದಲ್ಲಿ ಒಂದು ಗಳಿಗೆ ಏನೋ ಆರಿಹೋಯಿತು. ಆಮೇಲೆ ಮಂಡಿಯೂರಿ ಹಣೆಯನ್ನು ನೆಲಕ್ಕೆ ಮುಟ್ಟಿಸಿದಳು. ಅಮ್ಮನಿಗೆ. ಅವಳ ಹಣೆಗೂ ನನ್ನ ಕಾಲಿಗೂ ನಡುವೆ ಒಂದು ಗೇಣು ಇತ್ತು.

ಅಮ್ಮನನ್ನು ಗುಡಿದುಂಬಿಸಿ ಕಾಲು ತೊಳೆಯುವಾಗ ದೊಡ್ಡಪ್ಪನ ಮಗ ನನ್ನ ಪಕ್ಕ ಬಂದು ನಿಂತ. "ಏನೋ, ಅಮ್ಮ ಇವತ್ತು ಬಲೇ ಅವಸರ ಮಾಡಿದ್ಲಲ್ಲೋ," ಎಂದ.

"ಅವಳಿಚ್ಛೆ," ಎಂದೆ.

"ಅವಳ್ದೇ ಅನ್ನು ಬಿಡು," ಎಂದು ಎಲೆಅಡಿಕೆ ಉಗಿದು ಹೋದ. ಸ್ವಲ್ಪ ದಿನಕ್ಕೆ ಸೊಂಟನೋವು ಎಂದು ಹೇಳಿ ಹೊರುವುದನ್ನೇ ಬಿಟ್ಟ. ಸಾಯುವವರೆಗೂ ಆ ಮಾತು ಮತ್ತೆ ತೆಗೆಯಲಿಲ್ಲ.

ಅವಳು ಅವತ್ತು ಸಂಜೆಯೇ ನನ್ನ ಹಿಂದೆ ಮನೆಗೆ ಬಂದಳು. ಅವಳ ಅಣ್ಣ ಮತ್ತೆ ನಮ್ಮೂರಿಗೆ ಕಾಲಿಡಲಿಲ್ಲ. ಹೋಗುವಾಗ ತಂಗಿಗೆ, "ಇನ್ನು ಮೇಲೆ ನಿನಗೆ ಏನಾದ್ರೂ ಅಮ್ಮನ್ನೇ ಕರಿ," ಎಂದಿದ್ದ. ಅವಳು ಹಾಗೇ ಮಾಡಿದಳು. ನಾನು ಹಬ್ಬದವರೆಗೆ ಸುಮ್ಮನಿದ್ದೆ. ಆಮೇಲೆ ಎಂದಿನಂತೆ. ಮೊದಲಾದರೂ ಏಟು ಬಿದ್ದಾಗ ಅತ್ತ ಇತ್ತ ಓಡುತ್ತಿದ್ದಳು. ಈಗ ಓಡಲಿಲ್ಲ. ಕಣ್ಣು ಮುಚ್ಚಿ ಏನೋ ಹೇಳಿಕೊಳ್ಳುತ್ತ ನಿಲ್ಲುವಳು. ಅಪ್ಪಣೆಯಾಗಿತ್ತಲ್ಲ. ಅದರ ಮುಂದಿನ ವರ್ಷ ಮಗಳು ಹುಟ್ಟಿದಳು.

ನಾನು ಹೊಡೆಯುವುದು ನಿಂತದ್ದು ಒಳ್ಳೆಯವನಾಗಿ ಅಲ್ಲ. ಬಲ ಭುಜದ ಕೀಲು ಹೋಯಿತು. ಕಡೂರಿನ ಡಾಕ್ಟರು ಎಕ್ಸ್‌ರೇ ನೋಡಿ, ಇಷ್ಟು ವರ್ಷ ಭಾರ ಹೊತ್ತು ಸವೆದಿದೆ, ಇನ್ನು ಏನೂ ಹೊರಬೇಡಿ ಎಂದರು. ತುತ್ತು ಬಾಯಿಗೆ ಹೋಗುತ್ತಿತ್ತು, ಅದಕ್ಕಿಂತ ಮೇಲಕ್ಕೆ ಕೈ ಏಳುತ್ತಿರಲಿಲ್ಲ. ಮುಂದಿನ ಹೆಗಲು ತಮ್ಮನ ಮಗನದಾಯಿತು. ಅಮ್ಮ ಕೊನೆಗೂ ಕೈಗೆ ಇಳಿದಳು ಎಂದು ಹೆಂಡತಿ ಗುಡಿಗೆ ಹೋಗಿ ಮಡಿಲಕ್ಕಿ ಕೊಟ್ಟು ಬಂದಳು.

ಅಲ್ಲಿಂದ ಅವಳ ಮಾತಿಗೆ ಊರಿನಲ್ಲಿ ಬೆಲೆ ಬಂತು. ಗಂಡನಿಂದ ಏಟು ತಿಂದ ಹುಡುಗಿಯರು ಅವಳ ಹತ್ತಿರ ಬರುತ್ತಿದ್ದರು. ಅವಳು ಅವರನ್ನು ಒಳಗೆ ಕೂರಿಸಿ ಕಾಫಿ ಕೊಟ್ಟು ಹೇಳುವುದು ಜಗಲಿಯಲ್ಲಿದ್ದ ನನಗೆ ಕೇಳುತ್ತಿತ್ತು. "ತಡ್ಕೊಳೇ. ನನ್ನ ನೋಡು. ಎಂಥಾ ಹುಲಿಯಂಗಿದ್ರು, ಈಗ ನೋಡು, ಹಸು ಕಣೇ ಹಸು." ಹುಡುಗಿಯರು ಹೋಗುವಾಗ ನನ್ನನ್ನು ತಿರುಗಿ ನೋಡುವರು. ನಾನು ತಲೆ ಬಗ್ಗಿಸಿ ಕೊಬ್ಬರಿ ಒಡೆಯುತ್ತಲೋ ಕುರಿಯ ಹಗ್ಗ ಹೊಸೆಯುತ್ತಲೋ ಇರುತ್ತಿದ್ದೆ. ಹಸುವಿನಂತೆಯೇ ಕಾಣುತ್ತಿದ್ದೆನೇನೋ. ಒಬ್ಬಳನ್ನಾದರೂ ಕರೆದು ನಿಜ ಹೇಳಬಹುದಿತ್ತು. ಹೇಳಲಿಲ್ಲ. ಹೀಗೆ ಒಳ್ಳೆಯವನೆನ್ನಿಸಿಕೊಂಡು ಕೂರುವುದು ನನಗೂ ಹಿತವಾಗಿತ್ತು.

ಮಗಳನ್ನು ತರೀಕೆರೆಗೆ ಕೊಟ್ಟಿದ್ದೇವೆ. ಅಳಿಯನಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ. ಮೊದಲ ಎರಡು ಸಲ ಅವಳು ಅಳುತ್ತ ಬಂದಾಗ ತಾಯಿಯೇ ಬುದ್ಧಿಮಾತು ಹೇಳಿ ವಾಪಸ್ಸು ಬಿಟ್ಟು ಬಂದಿದ್ದಳು. ಈ ಚಳಿಗಾಲದಲ್ಲಿ ಮತ್ತೆ ಬಂದಳು. ನಾಲ್ಕು ವರ್ಷದ ಮಗಳ ಕೈ ಹಿಡಿದು ಬಸ್ಸಿಳಿದವಳು ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಸೆರಗು ತೆಗೆದಾಗ ಮುಂದಿನ ಹಲ್ಲು ಅರ್ಧ ಮುರಿದಿತ್ತು. ಅದಾಗಿ ಮೂರನೇ ದಿನಕ್ಕೇ ಅಳಿಯ ಬೆಟ್ಟಕ್ಕೆ ಹೋಗುವ ಮಾಲೆ ಹಾಕಿಸಿಕೊಂಡ ಎಂದು ಫೋನು ಬಂತು. ಅವನು ಪ್ರತಿ ವರ್ಷ ಹಾಕುತ್ತಾನೆ.

"ಮಾಲೇಲಿದ್ದಾಗ ಅವ್ರು ಎಷ್ಟು ಚೆನ್ನಾಗಿರ್ತಾರೆ ಗೊತ್ತಾ ಅವ್ವ," ಎಂದಳು ಮಗಳು. "ನನ್ನೇ ಅಮ್ಮ ಅಂತ ಕರೀತಾರೆ."

"ಅದೇ ಕಣೇ ಶುರುವಾಗೋದು," ಎಂದಳು ಅವಳ ತಾಯಿ. "ಮಂಗಳವಾರ ಗುಡಿ ಮುಂದೆ ನಿಂತು ಕೇಳಿಬಿಡು. ಅಮ್ಮ ಏನಂತಾಳೋ ಹಂಗೆ."

ಅಮ್ಮ ಏನನ್ನುತ್ತಾಳೆ ಎಂದು ನನಗೆ ಗೊತ್ತಿತ್ತು. ತಮ್ಮನ ಮಗನಿಗೆ ಹೊರುವುದನ್ನು ಕಲಿಸಿದ್ದು ನಾನೇ. ಒಳ್ಳೆಯ ಹುಡುಗ, ಮೋಸಗಾರನಲ್ಲ. ಆದರೆ ಸಂಸಾರ ಒಡೆಯಬಾರದು ಎಂಬುದು ಅವನ ಮನಸ್ಸಿನಲ್ಲಿ ಎಷ್ಟು ಆಳದಲ್ಲಿದೆಯೆಂದರೆ, ಅವನ ಕಾಲು ಅವನನ್ನು ಕೇಳದೆ ಮುಂದಕ್ಕೆ ಬರುತ್ತದೆ. ಗಂಡನ ಮನೆಗೆ ಹೋಗಲೇ ಎಂದು ಕೇಳಿದ ಯಾವ ಹೆಣ್ಣಿಗೂ ನಮ್ಮ ಅಮ್ಮ ಹಿಂದಕ್ಕೆ ಸರಿದದ್ದನ್ನು ನಾನು ಕಂಡಿಲ್ಲ. ನನ್ನ ಹೆಂಡತಿ ಕೇಳಿದ ಆ ಒಂದು ದಿನ ಹಿಂದಕ್ಕೆ ಎಳೆದದ್ದು ಬಿಟ್ಟರೆ.

ಸೋಮವಾರ ಮಧ್ಯಾಹ್ನ ತಾಯಿ ಮಗಳು ನಡುಮನೆಯಲ್ಲಿ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. ಮಗು ಪಕ್ಕದ ಮನೆಗೆ ಆಡಲು ಹೋಗಿತ್ತು. ನಾನು ಬಾಗಿಲ ಹತ್ತಿರ ಕೂತು, "ನಾಳೆ ಕೇಳೋದು ಬೇಡ," ಎಂದೆ.

"ಯಾಕೆ?" ಎಂದಳು ಹೆಂಡತಿ.

"ಅವತ್ತು ನಿನ್ನ ವಾಪಸ್ ಕರ್ಸಿದ್ದು ಅಮ್ಮ ಅಲ್ಲ ಕಣೇ. ನಾನು. ತಿಳಿದೂ ತಿಳಿದೂ ಹೆಜ್ಜೆ ಮುಂದಕ್ಕೆ ಹಾಕಿದೆ."

ಮಗಳ ಕೈ ನಿಂತಿತು. ಹೆಂಡತಿಯ ಕೈ ನಿಲ್ಲಲಿಲ್ಲ. ಬೆರಳಿನ ನಡುವೆ ಕಾಳು ಒತ್ತುವುದು, ಸಿಪ್ಪೆ ಬಿಟ್ಟು ಬೇಳೆ ಪಾತ್ರೆಗೆ ಜಾರುವುದು ನಡೆದೇ ಇತ್ತು. "ನಿಮ್ಮ ಕಾಲಲ್ಲಿ ಅಮ್ಮನೇ ನಡೆದಿದ್ದು. ಹೊತ್ತೋರಿಗೆ ಅದೆಲ್ಲ ಏನ್ ಗೊತ್ತಾಗುತ್ತೆ," ಎಂದಳು.

"ನನಗೆ ಗೊತ್ತು. ಬೇಕು ಅಂತ್ಲೇ ಮಾಡಿದೆ."

ಇನ್ನೊಂದು ಹಿಡಿ ಕಾಳು ತೆಗೆದುಕೊಂಡಳು. ತಲೆಯೆತ್ತದೆ, "ನೀವು ಹೆಜ್ಜೆ ಹಾಕ್ದೆ ಇದ್ದಿದ್ರೆ?" ಎಂದು ಕೇಳಿದಳು.

ಇಲ್ಲಿ ಒಂದು ಸುಳ್ಳು ಹೇಳಿದ್ದರೆ ಅವಳಿಗೆ ಸ್ವಲ್ಪವಾದರೂ ಉಳಿಯುತ್ತಿತ್ತೇನೋ. "ಹಿಂದಕ್ಕೆ ಎಳೀತಿತ್ತು," ಎಂದೆ. "ಹಿಂದೆ ಹೊತ್ತಿದ್ದ ದೊಡ್ಡಪ್ಪನ ಮಗ ಎಳೆದ್ನೋ ಅಮ್ಮ ಎಳೆದ್ಲೋ ನನಗೆ ಗೊತ್ತಿಲ್ಲ. ಹಿಂದಕ್ಕೇ ಹೋಗ್ತಿತ್ತು."

ಅವಳು ಎದ್ದು ಕೈ ತೊಳೆದುಕೊಂಡು ಅಂಗಳಕ್ಕೆ ಹೋದಳು. ಅಲ್ಲಿ ಮಾಡುವುದಕ್ಕೆ ಏನೂ ಇರಲಿಲ್ಲ. ಬಹಳ ಹೊತ್ತು ನಿಂತು ಒಳಗೆ ಬಂದು ಉಳಿದ ಕಾಳನ್ನು ಹಿತುಕಿ ಮುಗಿಸಿದಳು. ಸಾರು ಮಾಡಿದಳು. ನನಗೆ ಬಡಿಸಿದಳು. ತಟ್ಟೆ ಮುಂದಿಟ್ಟು ಅಲ್ಲೇ ನಿಂತುಕೊಂಡು ಹೇಳಿದಳು. "ಅಮ್ಮ ಹೇಳಿದ್ಲು ಅಂತ ತಡ್ಕೊಂಡೆ. ನೀವು ಹೇಳಿದ್ದು ಅಂತ ಗೊತ್ತಿದ್ರೆ ಒಂದೇಟೂ ತಡ್ಕೋತಿರ್ಲಿಲ್ಲ. ಈಗ ಯಾಕ್ ಹೇಳಿದ್ರಿ?"

"ಮಗಳಿಗೋಸ್ಕರ," ಎಂದೆ.

"ಮಗಳಿಗೆ ಬೇರೆ ಏನಾದ್ರೂ ಹೇಳ್ಬೋದಿತ್ತು. ನನ್ನ ಹತ್ರ ಇದ್ದಿದ್ದು ಅದೊಂದೇ."

ಹೇಳಿಕೊಂಡರೆ ಹಗುರಾಗುತ್ತದೆ ಎಂದು ಕೇಳಿದ್ದೆ. ನಾನೇನೋ ಸ್ವಲ್ಪ ಹಗುರಾದೆ. ಕೈ ಏಳದಿದ್ದರೂ ಇನ್ನೊಂದು ಸಲ ಹೊಡೆದಂತಾಯಿತು ಎಂದು ಅವಳ ಮುಖ ನೋಡಿದಾಗ ಗೊತ್ತಾಯಿತು. ಮಾರನೆಯ ದಿನ, ಬೇಕಾದರೆ ಅಜ್ಜಂಪುರದಲ್ಲಿ ಅಣ್ಣನ ಮಗನ ಮನೆಗೆ ಹೋಗಿರು, ನಾನು ತಡೆಯುವುದಿಲ್ಲ ಎಂದೆ. "ಈಗೆಲ್ಲಿಗೆ ಹೋಗ್ಲಿ?" ಎಂದಳು. "ಹೋಗೋ ವಯಸ್ಸಲ್ಲಿ ನೀವು ಅಡ್ಡ ಬಂದ್ರಿ. ಈಗ ದಾರಿ ಬಿಡ್ತಾರಂತೆ." ಅಲ್ಲಿಂದ ನನ್ನ ಜೊತೆ ಮಾತು ನಿಲ್ಲಿಸಿದಳು. ಊಟಕ್ಕೆ ತಟ್ಟೆಯ ಸದ್ದು ಮಾಡುತ್ತಿದ್ದಳು, ಅಷ್ಟೇ.

ಮಗಳನ್ನಾದರೂ ಉಳಿಸಿಕೊಂಡೆ ಎಂದುಕೊಂಡಿದ್ದೆ. ಗುಡಿಗೆ ಅವಳು ಹೋಗಲಿಲ್ಲ ನಿಜ. ಬಟ್ಟೆ ಒಣಹಾಕುತ್ತಿದ್ದವಳ ಹತ್ತಿರ ಹೋಗಿ ಮಾತೆತ್ತಿದರೆ ನಕ್ಕಳು. ಮುರಿದ ಹಲ್ಲು ಕಂಡಿತು. "ಅವತ್ತು ಅಮ್ಮ ಹಿಂದಕ್ಕೆ ಹೋಗಿದ್ರೆ ನಾನೇ ಹುಟ್ತಿರ್ಲಿಲ್ಲ ಅಲ್ವಾ ಅಪ್ಪಾಜಿ?"

"ತಮಾಷೆ ಅಲ್ಲ ಕಣಮ್ಮ. ಮಾಲೆ ಇರೋವರ್ಗೂ ಚೆನ್ನಾಗಿರ್ತಾನೆ. ನಾನೂ ಹಂಗೇ ಇದ್ದೆ."

"ನಿಮ್ಮನ್ನ ನೇಮಕ್ಕೆ ಹಚ್ಚಿದ್ದು ಊರು. ಅವ್ರಿಗೆ ಯಾರು ಹೇಳಿದ್ರು? ಅವ್ರೇ ಹಾಕ್ಕೊಂಡಿರೋದು. ಮನಸ್ಸಲ್ಲಿ ಏನೂ ಇಲ್ದೆ ಹಾಕ್ಕೋತಾರಾ? ನೀವೇ ಬದಲಾಗ್ಲಿಲ್ವಾ?"

"ಬದಲಾಗಿಲ್ಲ. ಕೈ ಏಳ್ಲಿಲ್ಲ."

"ಹೆಂಗೋ. ನಿಂತ್ತಲ್ಲ," ಎಂದು ಸೀರೆ ಕೊಡವಿದಳು.

ನಾನು ಜಗಲಿಗೆ ಬಂದು ಕೂತೆ. ಅವಳ ತಾಯಿಗೂ ಹೇಳಲು ಏನೂ ಉಳಿದಿರಲಿಲ್ಲ. ಇಷ್ಟು ವರ್ಷ ಬಂದವರಿಗೆಲ್ಲ ಹೇಳುತ್ತಿದ್ದ ಒಂದೇ ಮಾತು ಅವಳ ಬಾಯಿಂದ ಹೋಗಿತ್ತು. ಅದರ ಜಾಗಕ್ಕೆ ಇನ್ನೊಂದು ಬಂದಿರಲಿಲ್ಲ.

ವಾರ ಕಳೆಯುವಷ್ಟರಲ್ಲಿ ಅಳಿಯ ಬೈಕಿನಲ್ಲಿ ಬಂದ. ಕಪ್ಪು ಪಂಚೆ, ಬರಿಗಾಲು, ಹಣೆಯಲ್ಲಿ ಗಂಧ, ಕೊರಳಲ್ಲಿ ಮಾಲೆ. "ಮಾವ, ಭುಜದ ನೋವು ಹೆಂಗೈತೆ?" ಎಂದು ಮೆತ್ತಗೆ ಕೇಳಿದ. ಅದು ನನ್ನ ಮಂಗಳವಾರದ ದನಿ. ಅವನು ನಟಿಸುತ್ತಿರಲಿಲ್ಲ, ನಾನೂ ನಟಿಸುತ್ತಿರಲಿಲ್ಲ. ಹೆದರಿಕೆಯಾದದ್ದು ಅದಕ್ಕೇ.

ಹೆಂಡತಿ ಹೊಸಿಲ ಮೇಲೆ ನಿಂತಳು. "ಮಾಲೆ ತೆಗೆದ್ಮೇಲೆ ಬಾರಪ್ಪ. ಆಗ ನೋಡಾಣ."

"ಏನತ್ತೆ, ಮಾಲೇಲಿರೋನ್ನ ಬರಿಗೈಲಿ ಕಳಿಸ್ತೀರಾ?"

"ನೀನೇನು ಭಿಕ್ಷೆಗೆ ಬಂದಿದ್ಯಾ?"

ಅವನು ನಕ್ಕ. ಅಷ್ಟರಲ್ಲಿ ಮಗಳು ಬೇರೆ ಸೀರೆಯುಟ್ಟು ಚೀಲ ಹಿಡಿದು ಒಳಗಿನಿಂದ ಬಂದೇ ಬಿಟ್ಟಳು. "ಹೋಗ್ಬೇಡ ಕಣಮ್ಮ," ಎಂದೆ, ಅವನ ಎದುರಿಗೇ.

"ಇರುಮುಡಿ ಕಟ್ಟೋ ದಿನ ಮನೇಲಿ ಹೆಂಗಸು ಇರ್ಬೇಡ್ವಾ ಅಪ್ಪಾಜಿ? ಜನ ಏನಂತಾರೆ," ಎಂದಳು. ದನಿಯಲ್ಲಿ ಸಂತೋಷವಿತ್ತು.

ಹೆಂಡತಿ ಹೊಸಿಲಿನಿಂದ ಪಕ್ಕಕ್ಕೆ ಸರಿದಳು. ಆದರೆ ಮಗುವಿನ ಕೈ ಬಿಡಲಿಲ್ಲ. "ಇವ್ಳು ಇಲ್ಲಿರ್ಲಿ. ನೆಗಡಿಯಾಗೈತೆ, ಬೈಕಲ್ಲಿ ಗಾಳಿ." ಮಗುವಿಗೆ ನೆಗಡಿಯಿರಲಿಲ್ಲ. ಮಗಳು ತಾಯಿಯ ಮುಖವನ್ನು ನೋಡಿದಳು. ಮಗುವಿನ ತಲೆ ಸವರಿ ಬೈಕು ಹತ್ತಿದಳು.

ಸಂಜೆ ಮಗುವಿಗೆ ಊಟ ಮಾಡಿಸುತ್ತ ಹೆಂಡತಿ ನನ್ನ ಕಡೆ ತಿರುಗದೆ ಕೇಳಿದಳು. "ಅವ್ನು ಮಾಲೆ ತೆಗೆಯೋದು ಯಾವತ್ತು?"

"ಸಂಕ್ರಾಂತಿ ಕಳೆದು ಬೆಟ್ಟದಿಂದ ಬಂದ ದಿನ."

"ಅವತ್ತು ಬೆಳಗ್ಗೆ ಬಸ್ಸಿಗೆ ತರೀಕೆರೆಗೆ ಹೋಗಾಣ. ನೀವೂ ಬನ್ನಿ."

"ಹೋಗಿ?"

"ಹೋಗಿ ಕೂತಿರಾಣ. ಅವ್ನ ಎದುರಿಗೆ."

"ಅಮ್ಮನ್ನ ಒಂದು ಮಾತು ಕೇಳೋದು ಬೇಡ್ವಾ?" ಅಭ್ಯಾಸದಿಂದ ಬಂದುಬಿಟ್ಟಿತು.

"ಕೇಳಿದ್ರೆ ಹೊತ್ತೋರು ಹೇಳ್ತಾರೆ," ಎಂದು ಮಗುವಿನ ಬಾಯಿಗೆ ಇನ್ನೊಂದು ತುತ್ತು ಇಟ್ಟಳು.

ಸಂಕ್ರಾಂತಿಗೆ ಇನ್ನೂ ದಿನವಿದೆ. ಹೋಗಿ ಕೂತರೂ ಮಗಳು ನಮ್ಮ ಜೊತೆ ಎದ್ದು ಬರುತ್ತಾಳೆಯೇ ಎಂದು ಇಬ್ಬರಿಗೂ ಗೊತ್ತಿಲ್ಲ. ದಿನವೂ ಫೋನು ಮಾಡುತ್ತಾಳೆ. ಮಗುವಿನ ಜೊತೆ ಮಾತಾಡಿ ಆದ ಮೇಲೆ ನಾನು ಕೇಳುತ್ತೇನೆ. ಚೆನ್ನಾಗಿದ್ದೀನಿ ಅಪ್ಪಾಜಿ, ಅವ್ರು ತುಂಬಾ ಚೆನ್ನಾಗಿ ನೋಡ್ಕೋತಿದ್ದಾರೆ ಎನ್ನುತ್ತಾಳೆ. ಅವಳು ಹೇಳುವುದು ನಿಜ. ಮಾಲೆ ಇನ್ನೂ ಅವನ ಕೊರಳಲ್ಲಿದೆ.